ಚಂಡಮಾರುತದ ಮುನ್ಸೂಚನೆ: ಜಾಲಹಳ್ಳಿಯಿಂದ ಕಡಲತೀರದ ಕೊಟ್ಟಿಗೆಯವರೆಗೆ

2022ರ ಡಿಸೆಂಬರ್ ತಿಂಗಳ ಎರಡನೆಯ ವಾರ. ಜಾಲಹಳ್ಳಿಯಲ್ಲಿ ಸೂರ್ಯನ ಮುಖ ಕಂಡು ದಿನಗಳಾಗಿದ್ದವು. ಜಿಟಿಜಿಟಿ ಮಳೆ, ಮೂಳೆಗಿಳಿಯುವ ಚಳಿ. ಒಣಹಾಕಿದ ಬಟ್ಟೆ ಒಣಗಲಿಲ್ಲ. ಬೀದಿನಾಯಿಗಳು ಅಂಗಡಿಗಳ ಷಟರ್ ಪಕ್ಕದಲ್ಲಿ ಮುದುರಿ ಮಲಗಿದ್ದವು. ಆ ವಾರ ತರಗತಿಯಲ್ಲಿ ಒಬ್ಬ ವಿದ್ಯಾರ್ಥಿ ಕೇಳಿದ: "ಸರ್, ಚಂಡಮಾರುತ ಬಂದದ್ದು ತಮಿಳುನಾಡಿಗೆ. ಸಮುದ್ರಮಟ್ಟದಿಂದ 900 ಮೀಟರ್ ಎತ್ತರದಲ್ಲಿರುವ ನಮಗೂ ಅದಕ್ಕೂ ಏನು ಸಂಬಂಧ?"

'ಮಾಂಡೌಸ್' ಎಂಬ ಆ ಚಂಡಮಾರುತ ಡಿಸೆಂಬರ್ 9ರ ರಾತ್ರಿ ಮಾಮಲ್ಲಪುರದ ಬಳಿ ದಡ ಮುಟ್ಟಿತ್ತು. ಅಲ್ಲಿಂದ ನಮಗೆ ಸುಮಾರು 300 ಕಿ.ಮೀ. ಚಂಡಮಾರುತದ ಮೋಡದ ತಟ್ಟೆಯ ವ್ಯಾಸ ನೂರಾರು ಕಿ.ಮೀ. ಇರುವುದರಿಂದ ಅದರ ಅಂಚು ನಮ್ಮ ಮೇಲೆ ಹಾದುಹೋಯಿತು. ಪ್ರಶ್ನೆಗೆ ಇದು ಸುಲಭದ ಉತ್ತರ. ಇನ್ನೊಂದು ಉತ್ತರವೂ ಇದೆ. ಅದು ವಿಜ್ಞಾನದ ಇತಿಹಾಸಕ್ಕೆ ಸೇರಿದ್ದು. ಕಡಲನ್ನೇ ಕಾಣದ ಜಾಲಹಳ್ಳಿಗೂ ಭಾರತದ ಚಂಡಮಾರುತ ಮುನ್ಸೂಚನೆಯ ವ್ಯವಸ್ಥೆಗೂ ಅರ್ಧ ಶತಮಾನಕ್ಕೂ ಮೀರಿದ ನಂಟಿದೆ. ಆ ನಂಟನ್ನು ಹಿಡಿದು ಹೊರಟರೆ ಕೊನೆಗೆ ನಾವು ತಲುಪುವುದು ಕಡಲತೀರದ ಒಂದು ಮನೆಯ ದನದ ಕೊಟ್ಟಿಗೆಯನ್ನು. ಹೇಗೆಂಬುದನ್ನು ಈ ಲೇಖನದಲ್ಲಿ ನೋಡೋಣ.

ಸುಳಿಗೆ ಹೆಸರಿಟ್ಟವರು

ಮೊದಲಿಗೆ ಹೆಸರಿನ ವಿಷಯ. ನಮ್ಮಲ್ಲಿ ಸುಂಟರಗಾಳಿ, ಬಿರುಗಾಳಿ, ಚಂಡಮಾರುತ ಎಂಬ ಪದಗಳನ್ನು ಬೆರೆಸಿ ಬಳಸುವುದುಂಟು. ಸುಂಟರಗಾಳಿ ಕೆಲವು ನೂರು ಮೀಟರ್ ಅಗಲದ, ನಿಮಿಷಗಳಲ್ಲಿ ಮುಗಿದುಹೋಗುವ ಸುಳಿ. ಚಂಡಮಾರುತ ಬೆಚ್ಚಗಿನ ಸಮುದ್ರದ ಮೇಲೆ ಹುಟ್ಟಿ ದಿನಗಟ್ಟಲೆ ಬಾಳುವ ದೈತ್ಯ ಸುಳಿ. ಅದು ಹುಟ್ಟಲು ಸಮುದ್ರದ ಮೇಲ್ಪದರದ ಉಷ್ಣತೆ ಸುಮಾರು 26.5 ಡಿಗ್ರಿ ಸೆಲ್ಸಿಯಸ್ ಮೀರಿರಬೇಕು. ಭೂಮಿಯ ಆವರ್ತನೆಯ ಪರಿಣಾಮದಿಂದ ಉತ್ತರಾರ್ಧಗೋಳದಲ್ಲಿ ಅದು ಅಪ್ರದಕ್ಷಿಣವಾಗಿ ಸುತ್ತುತ್ತದೆ. ಅಟ್ಲಾಂಟಿಕ್ ಸಾಗರದಲ್ಲಿ ಇದನ್ನೇ 'ಹರಿಕೇನ್' ಎಂದೂ ಪಶ್ಚಿಮ ಪೆಸಿಫಿಕ್‌ನಲ್ಲಿ 'ಟೈಫೂನ್' ಎಂದೂ ಕರೆಯುತ್ತಾರೆ. ಭೌತವಿಜ್ಞಾನದ ದೃಷ್ಟಿಯಿಂದ ಮೂರೂ ಒಂದೇ.

'ಸೈಕ್ಲೋನ್' ಎಂಬ ಪದ ಹುಟ್ಟಿದ್ದು ಭಾರತದಲ್ಲಿಯೇ ಎಂಬುದು ಅನೇಕರಿಗೆ ತಿಳಿದಿರಲಾರದು. ಕಲ್ಕತ್ತೆಯಲ್ಲಿ ನೆಲೆಸಿದ್ದ ಮಾಜಿ ನಾವಿಕ ಹೆನ್ರಿ ಪಿಡಿಂಗ್ಟನ್, ಹಡಗುಗಳ ದಿನಚರಿ ಪುಸ್ತಕಗಳಿಂದ ಗಾಳಿಯ ದಿಕ್ಕು ಮತ್ತು ವಾಯುಭಾರದ ದಾಖಲೆಗಳನ್ನು ವರ್ಷಗಟ್ಟಲೆ ಕಲೆಹಾಕಿದ. ಬಂಗಾಳ ಕೊಲ್ಲಿಯ ಬಿರುಗಾಳಿಗಳು ನೇರವಾಗಿ ಬೀಸುವುದಿಲ್ಲ, ಹಾವು ಸುರುಳಿ ಸುತ್ತಿದಂತೆ ಸುತ್ತುತ್ತವೆ ಎಂದು ಕಂಡುಕೊಂಡು, ಆ ಅರ್ಥದ ಗ್ರೀಕ್ ಪದದಿಂದ 1848ರಲ್ಲಿ ಈ ಹೆಸರನ್ನು ರೂಪಿಸಿದ. ಕಲ್ಕತ್ತೆಯ ಸಮೀಪ ಮಾತ್ಲಾ ನದಿಯ ದಡದಲ್ಲಿ ಹೊಸ ಬಂದರು ಕಟ್ಟುವ ಯೋಜನೆ ಬಂದಾಗ, ಚಂಡಮಾರುತದ ಅಲೆ ಅದನ್ನು ಕೊಚ್ಚಿಕೊಂಡು ಹೋಗುತ್ತದೆಂದು 1853ರಲ್ಲಿ ಗವರ್ನರ್ ಜನರಲ್ ಡಾಲ್‌ಹೌಸಿಗೆ ಪತ್ರ ಬರೆದು ಎಚ್ಚರಿಸಿದ. ಯಾರೂ ಕಿವಿಗೊಡಲಿಲ್ಲ. ಕ್ಯಾನಿಂಗ್ ಬಂದರು ತಲೆಯೆತ್ತಿತು. 1867ರ ಚಂಡಮಾರುತ ಅದನ್ನು ಹಾಳುಗೆಡವಿತು. ಅಷ್ಟರಲ್ಲಿ ಪಿಡಿಂಗ್ಟನ್ ತೀರಿಕೊಂಡು ಒಂಬತ್ತು ವರ್ಷವಾಗಿತ್ತು.

ಇದಕ್ಕೆ ಮುನ್ನ 1864ರಲ್ಲಿ ಎರಡು ಭೀಕರ ಚಂಡಮಾರುತಗಳು ಬಂದಿದ್ದವು. ಅಕ್ಟೋಬರ್ 5ರಂದು ಕಲ್ಕತ್ತೆಯಲ್ಲಿ ಹತ್ತಾರು ಸಾವಿರ ಜನ ಸತ್ತರು. ಒಂದು ತಿಂಗಳೂ ಕಳೆಯುವ ಮುನ್ನ ನವೆಂಬರ್ 1ರಂದು ಮಚಲೀಪಟ್ಟಣದಲ್ಲಿ ಸುಮಾರು 30 ಸಾವಿರ ಮಂದಿ ಬಲಿಯಾದರು. 1865ರಲ್ಲಿ ಕಲ್ಕತ್ತೆಯ ಬಂದರಿಗೆ ಬಿರುಗಾಳಿ ಮುನ್ನೆಚ್ಚರಿಕೆಯ ಸೇವೆ ಆರಂಭವಾಯಿತು. ಈ ಚಂಡಮಾರುತಗಳು ಮತ್ತು ಮುಂದಿನ ವರ್ಷಗಳ ಕ್ಷಾಮ ಸೇರಿ 1875ರಲ್ಲಿ ಭಾರತೀಯ ಹವಾಮಾನ ಇಲಾಖೆಯ ಸ್ಥಾಪನೆಗೆ ಕಾರಣವಾದವು. ಇಲ್ಲಿ ಒಂದು ಅಂಶವನ್ನು ಗಮನಿಸಬೇಕು. ಮೊದಲ ಎಚ್ಚರಿಕೆಗಳು ಉದ್ದೇಶಿಸಿದ್ದು ಹಡಗುಗಳನ್ನು ಮತ್ತು ಬಂದರುಗಳನ್ನು. ದಡದ ಗುಡಿಸಲಿನಲ್ಲಿ ಮಕ್ಕಳೊಡನೆ, ದನಕರುಗಳೊಡನೆ ಮಲಗಿದ್ದವರಿಗೆ ಸುದ್ದಿ ಮುಟ್ಟಿಸುವ ಸಾಧನ ಆಗ ಇರಲಿಲ್ಲ.

ರೇಡಿಯೊ ವಾಲ್ವಿನಿಂದ ರೇಡಾರಿಗೆ

ಜಾಲಹಳ್ಳಿ ಈ ಕತೆಯೊಳಗೆ ಬರುವುದು ಇಲ್ಲಿ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಇಲ್ಲಿ ಸೇನೆಯ ಆಸ್ಪತ್ರೆಗಳು, ಇಟಲಿಯ ಯುದ್ಧಕೈದಿಗಳ ಶಿಬಿರಗಳು ಇದ್ದವು. ಸ್ವಾತಂತ್ರ್ಯಾನಂತರ ಇದೇ ಬಯಲಿನಲ್ಲಿ ಎಚ್‌ಎಂಟಿ ಕಾರ್ಖಾನೆ ಬಂತು. 1954ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆ ಸ್ಥಾಪನೆಯಾಯಿತು. ಬಿಇಎಲ್‌ನ ಮುಖ್ಯ ಕೆಲಸ ರಕ್ಷಣಾ ಪಡೆಗಳಿಗೆ ಸಂಪರ್ಕ ಸಾಧನಗಳನ್ನು ಒದಗಿಸುವುದು. ಆದರೆ 1961ರಲ್ಲಿ ಅದು ರೇಡಿಯೊ ಗ್ರಾಹಕಗಳ ವಾಲ್ವ್‌ಗಳನ್ನೂ 1962ರಲ್ಲಿ ಜರ್ಮೇನಿಯಮ್ ಅರೆವಾಹಕ ಸಾಧನಗಳನ್ನೂ 1964ರಲ್ಲಿ ಆಕಾಶವಾಣಿಗಾಗಿ ಪ್ರೇಷಕಗಳನ್ನೂ ತಯಾರಿಸತೊಡಗಿತು. ಅಂದರೆ ಬಿರುಗಾಳಿಯ ಸುದ್ದಿಯನ್ನು ಬಿತ್ತರಿಸುವ ಯಂತ್ರವೂ ಅದನ್ನು ಕೇಳಿಸುವ ಪೆಟ್ಟಿಗೆಯ ಒಳಭಾಗವೂ ನಮ್ಮೂರಿನಲ್ಲಿ ತಯಾರಾಗುತ್ತಿದ್ದವು. 1966ರಲ್ಲಿ ಸೇನೆಗಾಗಿ ರೇಡಾರ್ ತಯಾರಿಕೆಯೂ ಇಲ್ಲಿ ಆರಂಭವಾಯಿತು.

ರೇಡಾರ್ ಹವಾಮಾನದ ಸಾಧನವಾದದ್ದು ಒಂದು ಕಿರಿಕಿರಿಯಿಂದ. ಯುದ್ಧಕಾಲದಲ್ಲಿ ವಿಮಾನಗಳನ್ನು ಹುಡುಕುತ್ತಿದ್ದವರಿಗೆ ತೆರೆಯ ಮೇಲೆ ಮಳೆಮೋಡಗಳ ಪ್ರತಿಧ್ವನಿ ಅಡ್ಡಬರುತ್ತಿತ್ತು. ಯುದ್ಧ ಮುಗಿದ ಮೇಲೆ ಆ 'ಅಡ್ಡಿ'ಯೇ ಹವಾಮಾನ ವಿಜ್ಞಾನಿಗಳಿಗೆ ಬೇಕಾದ ಮಾಹಿತಿಯಾಯಿತು. ಸೂಕ್ಷ್ಮತರಂಗಗಳು ಮಳೆಹನಿಗಳಿಂದ ಚದುರಿ ಹಿಂದಿರುಗುತ್ತವೆ. ಹನಿಯ ವ್ಯಾಸ ಎರಡರಷ್ಟಾದರೆ ಹಿಂದಿರುಗುವ ಶಕ್ತಿ ಎರಡರ ಆರನೆಯ ಘಾತದಷ್ಟು, ಎಂದರೆ 64 ಪಟ್ಟು ಹೆಚ್ಚುತ್ತದೆ. ಹಾಗಾಗಿ ದಪ್ಪ ಹನಿಯ ಮಳೆ ರೇಡಾರಿನ ತೆರೆಯಲ್ಲಿ ಎದ್ದು ಕಾಣುತ್ತದೆ. ಸುಮಾರು 10 ಸೆಂ.ಮೀ. ತರಂಗಾಂತರವನ್ನು ಬಳಸಿದರೆ ತರಂಗಗಳು ನಡುವಣ ಮಳೆಯಲ್ಲಿ ಹೆಚ್ಚು ಕ್ಷೀಣಿಸದೆ ದೂರದ ಚಂಡಮಾರುತವನ್ನು ಮುಟ್ಟಿ ಬರುತ್ತವೆ.

ಭಾರತದ ಮೊದಲ ಚಂಡಮಾರುತ ಪತ್ತೆ ರೇಡಾರ್ 1970ರಲ್ಲಿ ವಿಶಾಖಪಟ್ಟಣದಲ್ಲಿ ಸ್ಥಾಪಿತವಾಯಿತು. ಮುಂದೆ ಎರಡೂ ಕರಾವಳಿಗಳಲ್ಲಿ ಇಂಥ ರೇಡಾರ್‌ಗಳ ಸಾಲು ಬೆಳೆಯಿತು. ಅವುಗಳಲ್ಲಿ ಕೆಲವನ್ನು ಬಿಇಎಲ್ ತಯಾರಿಸಿತು. ಈ ರೇಡಾರಿನ ವ್ಯಾಪ್ತಿ ಸುಮಾರು 400 ಕಿ.ಮೀ. ಇದಕ್ಕೆ ಮಿತಿ ಯಾವುದು? ಭೂಮಿಯ ದುಂಡುತನ. ವಾಯುಮಂಡಲದಲ್ಲಿ ತರಂಗ ತುಸು ಬಾಗುವುದನ್ನು ಲೆಕ್ಕಕ್ಕೆ ತೆಗೆದುಕೊಂಡು ಭೂಮಿಯ ತ್ರಿಜ್ಯವನ್ನು 8500 ಕಿ.ಮೀ. ಎಂದು ಭಾವಿಸಿದರೆ, ಕ್ಷಿತಿಜದ ನೇರಕ್ಕೆ ಹೊರಟ ತರಂಗ 400 ಕಿ.ಮೀ. ದೂರದಲ್ಲಿ ನೆಲದಿಂದ 9.4 ಕಿ.ಮೀ. ಮೇಲಿರುತ್ತದೆ. ಅದು ಚಂಡಮಾರುತದ ನೆತ್ತಿಯನ್ನಷ್ಟೇ ಕಾಣಬಲ್ಲದು. ವಿದ್ಯಾರ್ಥಿಗಳು ಇದನ್ನು ಪೈಥಾಗೊರಸ್ ಪ್ರಮೇಯದಿಂದ ತಾವೇ ಸಾಧಿಸಬಹುದು.

1977ರ ನವೆಂಬರ್ 19

ನಾನು ಬೆಳೆದದ್ದು ಜಾಲಹಳ್ಳಿಯಲ್ಲಿಯೇ. 1977ರಲ್ಲಿ ಪ್ರಾಥಮಿಕ ಶಾಲೆಯ ಹುಡುಗ. ಆಂಧ್ರದ ದಿವಿಸೀಮೆಗಾಗಿ ಹಳೆಯ ಬಟ್ಟೆ, ಅಕ್ಕಿ ತರಬೇಕೆಂದು ಶಾಲೆಯಲ್ಲಿ ಹೇಳಿದ್ದು, ನಾನು ನನ್ನ ಒಂದು ಅಂಗಿಯನ್ನು ಒಯ್ದದ್ದು ನೆನಪಿದೆ. ಅದು ಏಕೆಂದು ಆಗ ಪೂರ್ತಿ ತಿಳಿದಿರಲಿಲ್ಲ.

ನವೆಂಬರ್ 19ರಂದು ಕೃಷ್ಣಾ ನದಿಯ ಮುಖಜಭೂಮಿಯ ಮೇಲೆ ಎರಗಿದ ಚಂಡಮಾರುತ ಸುಮಾರು 5 ಮೀಟರ್ ಎತ್ತರದ ಸಮುದ್ರದ ಉಬ್ಬರವನ್ನು ಹತ್ತಾರು ಕಿ.ಮೀ. ಒಳನಾಡಿಗೆ ನುಗ್ಗಿಸಿತು. ಹಳ್ಳಿಗಳು ಅಳಿಸಿಹೋದವು. ಹತ್ತು ಸಾವಿರದಷ್ಟು ಜನ ಸತ್ತರು. ಗೂಟಕ್ಕೆ ಕಟ್ಟಿದ್ದ ದನ, ಎಮ್ಮೆಗಳು ಕಟ್ಟಿದಲ್ಲೇ ಮುಳುಗಿದವು. ಆ ವೇಳೆಗೆ ರೇಡಾರ್ ಇತ್ತು, ಉಪಗ್ರಹ ಚಿತ್ರಗಳಿದ್ದವು, ಆಕಾಶವಾಣಿಯೂ ಇತ್ತು. ಚಂಡಮಾರುತ ಬರುವುದು ಗೊತ್ತಿತ್ತು. ಆದರೆ ಬಹಳ ಜನ ಮನೆಯಲ್ಲಿಯೇ ಉಳಿದರು.

ಕೊಂದದ್ದು ಮುಖ್ಯವಾಗಿ ಗಾಳಿಯಲ್ಲ, ನೀರು. ಇದರ ಭೌತವಿಜ್ಞಾನ ಸರಳ. ವಾಯುಭಾರ 1 ಹೆಕ್ಟೊಪ್ಯಾಸ್ಕಲ್‌ನಷ್ಟು ಇಳಿದರೆ ಸಮುದ್ರದ ಮಟ್ಟ ಸುಮಾರು 1 ಸೆಂ.ಮೀ. ಏರುತ್ತದೆ. ಅತಿ ತೀವ್ರ ಚಂಡಮಾರುತದ ಕೇಂದ್ರದಲ್ಲಿ ವಾಯುಭಾರ 100 ಹೆಕ್ಟೊಪ್ಯಾಸ್ಕಲ್ ಕುಸಿದರೂ ಇದರಿಂದ ಆಗುವ ಏರಿಕೆ ಒಂದು ಮೀಟರ್ ಮಾತ್ರ. ಉಳಿದದ್ದೆಲ್ಲ ಗಾಳಿ ನೀರನ್ನು ದಡಕ್ಕೆ ತಳ್ಳುವುದರಿಂದ ಬರುತ್ತದೆ. ಆಳವಾದ ಸಮುದ್ರದಲ್ಲಿ ಹೀಗೆ ತಳ್ಳಲ್ಪಟ್ಟ ನೀರು ಕೆಳಗಿನಿಂದ ಹಿಂದಕ್ಕೆ ಹರಿದುಹೋಗುತ್ತದೆ. ಬಂಗಾಳ ಕೊಲ್ಲಿಯ ಬಹುಭಾಗದ ದಡದ ಸಮುದ್ರ ಆಳವಿಲ್ಲದ್ದು. ಅಲ್ಲಿ ನೀರಿಗೆ ಹಿಂದಿರುಗಲು ದಾರಿಯಿಲ್ಲದೆ ಅದು ನೆಲದ ಮೇಲೆ ಏರುತ್ತದೆ.

ಕೇಳುವುದು ಬೇರೆ, ಹೊರಡುವುದು ಬೇರೆ

ನಮ್ಮ ಬಾಲ್ಯದ ಜಾಲಹಳ್ಳಿಯಲ್ಲಿ ಕಾರ್ಖಾನೆಯ ಸೈರನ್ನೇ ಗಡಿಯಾರ. ಬೆಳಗಿನ ಸೈರನ್ ಕೂಗಿದರೆ ಸೈಕಲ್‌ಗಳ ಸಾಲು ಹೊರಡುತ್ತಿತ್ತು. ಸಂಜೆಯದು ಕೂಗಿದರೆ ಅಮ್ಮಂದಿರು ಕಾಫಿಗೆ ನೀರಿಡುತ್ತಿದ್ದರು. ಸೈರನ್ ಒಂದು ಶಬ್ದ ಮಾತ್ರ. ಅದನ್ನು ಕೇಳಿದಾಗ ಯಾರು ಏನು ಮಾಡಬೇಕೆಂಬುದು ಮೊದಲೇ ನಿಶ್ಚಯವಾಗಿದ್ದುದರಿಂದ ಅದಕ್ಕೆ ಅರ್ಥವಿತ್ತು. ಚಂಡಮಾರುತದ ಎಚ್ಚರಿಕೆಗೆ 1977ರಲ್ಲಿ ಇಲ್ಲದಿದ್ದುದು ಇದೇ.

ಮುಂದಿನ ದಶಕಗಳ ಇತಿಹಾಸ ಈ ಕೊರತೆಯನ್ನು ತುಂಬಿದ ಇತಿಹಾಸ. 1983ರಲ್ಲಿ ಉಡಾವಣೆಯಾದ ಇನ್ಸಾಟ್-1ಬಿ ಉಪಗ್ರಹ ಮೋಡಗಳ ಚಿತ್ರಗಳನ್ನು ಕಳುಹಿಸತೊಡಗಿತು. ಅದೇ ದಶಕದ ಮಧ್ಯಭಾಗದಲ್ಲಿ ಇನ್ಸಾಟ್ ಮೂಲಕ ಕರಾವಳಿಯ ಆಯ್ದ ಸ್ಥಳಗಳಲ್ಲಿನ ಗ್ರಾಹಕಗಳಿಗೆ ನೇರವಾಗಿ, ಸ್ಥಳೀಯ ಭಾಷೆಯಲ್ಲಿ ಎಚ್ಚರಿಕೆ ಮುಟ್ಟಿಸುವ ವ್ಯವಸ್ಥೆ ಬಂದಿತು. 1990ರ ಮೇ ತಿಂಗಳಲ್ಲಿ 1977ರದ್ದಕ್ಕೆ ಹೋಲಿಸಬಹುದಾದ ಚಂಡಮಾರುತ ಆಂಧ್ರಕ್ಕೆ ಬಂದಾಗ ಆರು ಲಕ್ಷಕ್ಕೂ ಹೆಚ್ಚು ಜನರನ್ನು ಮೊದಲೇ ತೆರವುಗೊಳಿಸಲಾಯಿತು. ಸಾವಿನ ಸಂಖ್ಯೆ ಸಾವಿರದೊಳಗೆ ನಿಂತಿತು.

ಆದರೆ ಒಂದು ರಾಜ್ಯ ಕಲಿತದ್ದನ್ನು ಇನ್ನೊಂದು ರಾಜ್ಯ ತಾನಾಗಿ ಕಲಿಯುವುದಿಲ್ಲ. 1999ರ ಅಕ್ಟೋಬರ್ 29ರಂದು ಒಡಿಶಾಕ್ಕೆ ಮಹಾ ಚಂಡಮಾರುತ ಅಪ್ಪಳಿಸಿತು. ಕೇಂದ್ರದ ವಾಯುಭಾರ 912 ಹೆಕ್ಟೊಪ್ಯಾಸ್ಕಲ್‌ಗೆ ಇಳಿದಿತ್ತು. ಮಿಶ್ರಾ ಮತ್ತು ಗುಪ್ತಾ ಎಂಬ ವಿಜ್ಞಾನಿಗಳು 1976ರಲ್ಲಿ ನೀಡಿದ ಸೂತ್ರದ ಪ್ರಕಾರ, ವಾಯುಭಾರದ ಕುಸಿತದ ವರ್ಗಮೂಲವನ್ನು 14.2ರಿಂದ ಗುಣಿಸಿದರೆ ಗರಿಷ್ಠ ಗಾಳಿಯ ವೇಗ ನಾಟ್‌ಗಳಲ್ಲಿ ದೊರೆಯುತ್ತದೆ. ಕುಸಿತ 98 ಹೆಕ್ಟೊಪ್ಯಾಸ್ಕಲ್ ಎಂದಿಟ್ಟುಕೊಂಡರೆ ಸುಮಾರು 140 ನಾಟ್, ಎಂದರೆ ಗಂಟೆಗೆ 260 ಕಿ.ಮೀ. ಅಧಿಕೃತ ಲೆಕ್ಕದ ಪ್ರಕಾರ ಸತ್ತವರು ಹತ್ತು ಸಾವಿರದ ಸಮೀಪ. ಸತ್ತ ದನಕರುಗಳ ಲೆಕ್ಕ ಲಕ್ಷಗಳಲ್ಲಿತ್ತು. ನೀರು ಇಳಿದ ಮೇಲೆ ಇಲಿಜ್ವರ ಹಬ್ಬಿತು. ಎಚ್ಚರಿಕೆ ಹೊರಟಿತ್ತು. ಆದರೆ ಜನರು ಹೋಗಿ ನಿಲ್ಲಲು ಗಟ್ಟಿಯಾದ ಆಶ್ರಯಗಳು ಬೆರಳೆಣಿಕೆಯಷ್ಟಿದ್ದವು.

ಒಡಿಶಾ ಅದೇ ವರ್ಷದ ಡಿಸೆಂಬರಿನಲ್ಲಿ ವಿಪತ್ತು ನಿರ್ವಹಣೆಗಾಗಿ ಪ್ರತ್ಯೇಕ ಪ್ರಾಧಿಕಾರವನ್ನು ರಚಿಸಿತು. ಕರಾವಳಿಯುದ್ದಕ್ಕೂ ಕಂಬಗಳ ಮೇಲೆ ನಿಂತ ಆಶ್ರಯ ಕಟ್ಟಡಗಳು ಎದ್ದವು. ಹಳ್ಳಿಗಳಲ್ಲಿ ಸ್ವಯಂಸೇವಕರ ತಂಡಗಳು ಅಭ್ಯಾಸ ನಡೆಸಿದವು. 2013ರ ಅಕ್ಟೋಬರ್ 12ರಂದು 'ಫೈಲಿನ್' ಗೋಪಾಲಪುರದ ಬಳಿ ದಡ ಮುಟ್ಟುವ ಮುನ್ನ ಸುಮಾರು ಹತ್ತು ಲಕ್ಷ ಜನರು ಸ್ಥಳಾಂತರಗೊಂಡಿದ್ದರು. ಸತ್ತವರ ಸಂಖ್ಯೆ ಐವತ್ತನ್ನು ದಾಟಲಿಲ್ಲ. 2019ರ ಮೇ 3ರಂದು 'ಫನಿ' ಬಂದಾಗ ಸುಮಾರು 12 ಲಕ್ಷ ಜನ ತೆರವಾದರು. ಸುಮಾರು 2.6 ಕೋಟಿ ಕಿರುಸಂದೇಶಗಳು ಮೊಬೈಲ್‌ಗಳಿಗೆ ಹೋದವು. ಒಡಿಶಾದಲ್ಲಿ ಸತ್ತವರು 64. ಗಾಳಿಯ ವೇಗ ತಗ್ಗಿದ್ದರಿಂದ ಮಾತ್ರವೇ ಸಾವು ತಗ್ಗಿತೆಂದು ಹೇಳಲಾಗದು. ಕೇಳಿದವರಿಗೆ ಹೋಗಲು ಜಾಗವಿತ್ತು, ದಾರಿ ಗೊತ್ತಿತ್ತು.

ಡಾಪ್ಲರ್ ನೀಡಿದ ಹೆಚ್ಚಿನ ಮಾಹಿತಿ

ಈ ನಡುವೆ ರೇಡಾರ್ ಕೂಡ ಬದಲಾಯಿತು. ಹಳೆಯ ರೇಡಾರ್ ಮಳೆ ಎಲ್ಲಿದೆ ಎಂಬುದನ್ನಷ್ಟೇ ತೋರಿಸುತ್ತಿತ್ತು. ಡಾಪ್ಲರ್ ರೇಡಾರ್ ಆ ಮಳೆಹನಿಗಳನ್ನು ಗಾಳಿ ಎಷ್ಟು ವೇಗದಲ್ಲಿ ಒಯ್ಯುತ್ತಿದೆ ಎಂಬುದನ್ನೂ ತಿಳಿಸುತ್ತದೆ. ಹನಿ ರೇಡಾರಿನತ್ತ ಬರುತ್ತಿದ್ದರೆ ಪ್ರತಿಧ್ವನಿಯ ಆವೃತ್ತಿ ಹೆಚ್ಚುತ್ತದೆ, ದೂರ ಸರಿಯುತ್ತಿದ್ದರೆ ಕಡಿಮೆಯಾಗುತ್ತದೆ. ವೇಗವನ್ನು ಎರಡರಿಂದ ಗುಣಿಸಿ ತರಂಗಾಂತರದಿಂದ ಭಾಗಿಸಿದರೆ ಆ ವ್ಯತ್ಯಾಸ ದೊರೆಯುತ್ತದೆ. ಸೆಕೆಂಡಿಗೆ 40 ಮೀಟರ್ (ಗಂಟೆಗೆ 144 ಕಿ.ಮೀ.) ವೇಗದ ಗಾಳಿಗೆ, 10 ಸೆಂ.ಮೀ. ತರಂಗಾಂತರದಲ್ಲಿ, ವ್ಯತ್ಯಾಸ 800 ಹರ್ಟ್ಸ್. ಮೂಲ ಆವೃತ್ತಿಯೋ 300 ಕೋಟಿ ಹರ್ಟ್ಸ್. ಅಷ್ಟರಲ್ಲಿ ಇಷ್ಟನ್ನು ಗುರುತಿಸಬೇಕಾದರೆ ಪ್ರೇಷಕದ ಆವೃತ್ತಿ ಎಷ್ಟು ಸ್ಥಿರವಾಗಿರಬೇಕೆಂದು ಊಹಿಸಿಕೊಳ್ಳಿ.

ಭಾರತೀಯ ಹವಾಮಾನ ಇಲಾಖೆ 2002ರಲ್ಲಿ ಚೆನ್ನೈಯಲ್ಲಿ ಜರ್ಮನಿಯಿಂದ ತರಿಸಿದ ಡಾಪ್ಲರ್ ರೇಡಾರನ್ನು ಸ್ಥಾಪಿಸಿತು. ಅದೇ ಅವಧಿಯಲ್ಲಿ ಇಸ್ರೊ ವಿನ್ಯಾಸಗೊಳಿಸಿ ಬಿಇಎಲ್ ತಯಾರಿಸಿದ ದೇಶೀಯ ಡಾಪ್ಲರ್ ರೇಡಾರ್ ಶ್ರೀಹರಿಕೋಟದಲ್ಲಿ ನೆಲೆಗೊಂಡಿತು. ಇದರ ಹಿಂದೆ ಕೆಲಸಮಾಡಿದ ಇಸ್ರೊದ ಘಟಕ ಇಸ್‌ಟ್ರಾಕ್ ಇರುವುದು ಜಾಲಹಳ್ಳಿಗೆ ಹೊಂದಿಕೊಂಡ ಪೀಣ್ಯದಲ್ಲಿ. ಮುಂದೆ ಕೊಚ್ಚಿ, ಚಿರಾಪುಂಜಿ ಮುಂತಾದ ಕಡೆಗಳಿಗೂ ಇಂಥ ದೇಶೀಯ ರೇಡಾರ್‌ಗಳು ಹೋದವು. 2014ರ ಅಕ್ಟೋಬರ್ 12ರಂದು 'ಹುದ್‌ಹುದ್' ಬಂದಾಗ ವಿಶಾಖಪಟ್ಟಣದ ಡಾಪ್ಲರ್ ರೇಡಾರಿನ ಗುಮ್ಮಟಕ್ಕೇ ಹಾನಿಯಾಯಿತು. ಒಂದೇ ಸಾಧನವನ್ನು ನೆಚ್ಚದೆ ಅಕ್ಕಪಕ್ಕದ ರೇಡಾರ್‌ಗಳ ವ್ಯಾಪ್ತಿ ಒಂದನ್ನೊಂದು ಮುಚ್ಚುವಂತಿರಬೇಕು ಎಂಬುದಕ್ಕೆ ಇದು ನಿದರ್ಶನ.

ಕೊಟ್ಟಿಗೆಯ ಪ್ರಶ್ನೆ

ಇಷ್ಟೆಲ್ಲ ಆದರೂ ಕೊನೆಯ ಕೊಂಡಿ ಮನೆಯ ಬಾಗಿಲಲ್ಲಿದೆ. 2021ರ ಮೇ ತಿಂಗಳಲ್ಲಿ ಇದು ನನಗೆ ಹತ್ತಿರದಿಂದ ತಿಳಿಯಿತು. 'ತೌಕ್ತೆ' ಎಂಬ ಚಂಡಮಾರುತ ಅರಬ್ಬಿ ಸಮುದ್ರದಲ್ಲಿ ಹುಟ್ಟಿ ಮೇ 15 ಮತ್ತು 16ರಂದು ನಮ್ಮ ಕರಾವಳಿಗೆ ಸಮಾನಾಂತರವಾಗಿ ಉತ್ತರಕ್ಕೆ ಸಾಗಿ, 17ರ ರಾತ್ರಿ ಗುಜರಾತಿನಲ್ಲಿ ದಡ ಮುಟ್ಟಿತು. ಕರ್ನಾಟಕದಲ್ಲಿ ಅದು ದಡಕ್ಕೇರಲಿಲ್ಲ. ಆದರೂ ಅಲೆಗಳು ಮನೆಗಳನ್ನು, ರಸ್ತೆಗಳನ್ನು ಕಡಿದುಹಾಕಿದವು. ಮೂಲ್ಕಿಯ ಬಳಿ ಬಂಡೆಗಳ ನಡುವೆ ಸಿಲುಕಿದ ಟಗ್‌ನಿಂದ ಒಂಬತ್ತು ಮಂದಿಯನ್ನು ನೌಕಾಪಡೆ ಮತ್ತು ಕರಾವಳಿ ರಕ್ಷಣಾ ಪಡೆ ಪಾರುಮಾಡಬೇಕಾಯಿತು.

ಕೊರೊನಾ ಕಾಲವಾದ್ದರಿಂದ ಪಾಠಗಳು ದೂರವಾಣಿಯಲ್ಲಿ ನಡೆಯುತ್ತಿದ್ದವು. ಕುಂದಾಪುರದ ಕಡೆಯ ಕಡಲತೀರದ ಊರಿನ ನನ್ನ ವಿದ್ಯಾರ್ಥಿನಿಯೊಬ್ಬಳು 15ರ ಮಧ್ಯಾಹ್ನ ಕರೆಮಾಡಿದಳು. "ಸರ್, ಪಂಚಾಯ್ತಿಯವರು ಹೊರಡಿ ಅಂತಿದ್ದಾರೆ. ಅಮ್ಮ ಒಪ್ಪುತ್ತಿಲ್ಲ." ಏಕೆಂದು ಕೇಳಿದೆ. ಹಿಂದಿನಿಂದ ತಾಯಿಯ ಧ್ವನಿ ಕೇಳಿಸಿತು: "ಗಂಟಿ ಬಿಟ್ಟ್ ಹ್ಯಾಂಗೆ ಹೋಪುದ್?" ಅವರಿಗೆ ಗಾಳಿಯ ವೇಗ ತಿಳಿಯದೆ ಇರಲಿಲ್ಲ. ಟಿ.ವಿ.ಯಲ್ಲಿ ಬೆಳಗಿನಿಂದ ನೋಡಿದ್ದರು. ಕೊಟ್ಟಿಗೆಯಲ್ಲಿ ಎರಡು ಹಸು, ಒಂದು ಕರು, ಅಂಗಳದಲ್ಲಿ ಒಂದು ನಾಯಿ. ಅವುಗಳ ವಿಷಯವನ್ನು ಎಚ್ಚರಿಕೆ ನೀಡಿದವರು ಯಾರೂ ಎತ್ತಿರಲಿಲ್ಲ. ನಾನು ಅಲೆಯ ಎತ್ತರದ ಲೆಕ್ಕ ಹೇಳಿದೆ. ಅದರಿಂದ ಏನೂ ಆಗಲಿಲ್ಲ. ಸಂಜೆ ಗುಡ್ಡದ ಮೇಲಿನ ಮನೆಯಿಂದ ಅವರ ಅಣ್ಣ ಬಂದು, "ಹಸುಗಳನ್ನು ನಮ್ಮ ಹಟ್ಟಿಗೆ ಹೊಡಿ, ನಾಯಿಯೂ ಬರಲಿ" ಎಂದರಂತೆ. ಅರ್ಧ ಗಂಟೆಯಲ್ಲಿ ಎಲ್ಲರೂ ಹೊರಟರು. ಎರಡು ದಿನ ಬಿಟ್ಟು ಹಿಂದಿರುಗಿದಾಗ ಕೊಟ್ಟಿಗೆಯ ಸಮುದ್ರದ ಕಡೆಯ ಗೋಡೆ ಇರಲಿಲ್ಲ. ನನ್ನ ಲೆಕ್ಕ ಸರಿಯಾಗಿತ್ತು, ಆದರೆ ಅವರನ್ನು ಉಳಿಸಿದ್ದು ಅಣ್ಣನ ಹಟ್ಟಿ.

ಇದು ಒಂದು ಮನೆಯ ಮಾತಲ್ಲ. 1970ರ ನವೆಂಬರಿನಲ್ಲಿ ಲಕ್ಷಾಂತರ ಜನರನ್ನು ಕೊಂದ ಭೋಲಾ ಚಂಡಮಾರುತದ ಬಳಿಕ ಬಾಂಗ್ಲಾದೇಶ ಕರಾವಳಿಯಲ್ಲಿ 'ಕಿಲ್ಲಾ' ಎಂಬ ಎತ್ತರದ ಮಣ್ಣಿನ ದಿಬ್ಬಗಳನ್ನು ಕಟ್ಟಿತು. ಅವು ದನಕರುಗಳು ನಿಲ್ಲುವ ಜಾಗ. ದನಗಳಿಗೆ ಜಾಗವಾದರೆ ಜನ ಹೊರಡುತ್ತಾರೆಂಬುದನ್ನು ಅಲ್ಲಿ ಅರಿತಿದ್ದರು. ಅಮೆರಿಕದಲ್ಲಿ 2005ರ ಆಗಸ್ಟಿನಲ್ಲಿ 'ಕತ್ರಿನಾ' ಬಂದಾಗ ನಾಯಿ, ಬೆಕ್ಕುಗಳನ್ನು ಆಶ್ರಯ ಕೇಂದ್ರಗಳಿಗೆ ಬಿಡಲಿಲ್ಲವೆಂದು ಅನೇಕರು ಮನೆ ಬಿಡಲಿಲ್ಲ. ಮುಂದಿನ ವರ್ಷವೇ ಅಲ್ಲಿನ ಸಂಸತ್ತು, ಸ್ಥಳಾಂತರದ ಯೋಜನೆಗಳಲ್ಲಿ ಸಾಕುಪ್ರಾಣಿಗಳನ್ನೂ ಸೇರಿಸಬೇಕೆಂದು ಕಾಯ್ದೆ ಮಾಡಿತು. ಬಡ ದೇಶಕ್ಕೆ ದಿಬ್ಬ, ಶ್ರೀಮಂತ ದೇಶಕ್ಕೆ ಕಾಯ್ದೆ. ಹಿಂದಿರುವ ತಿಳಿವಳಿಕೆ ಮಾತ್ರ ಒಂದೇ.

ಮನೆಯ ವೇಳಾಪಟ್ಟಿ

ನಮ್ಮ ಚಂಡಮಾರುತಗಳ ಋತು ವರ್ಷಕ್ಕೆ ಎರಡು: ಮುಂಗಾರಿಗೆ ಮುನ್ನ ಏಪ್ರಿಲ್‌ನಿಂದ ಜೂನ್, ಮುಂಗಾರಿನ ನಂತರ ಅಕ್ಟೋಬರ್‌ನಿಂದ ಡಿಸೆಂಬರ್. ಹವಾಮಾನ ಇಲಾಖೆಯ ಎಚ್ಚರಿಕೆಗೆ ನಾಲ್ಕು ಹಂತಗಳಿವೆ. ಪ್ರತಿ ಹಂತಕ್ಕೂ ಮನೆಯಲ್ಲಿ ಒಂದು ಕೆಲಸವನ್ನು ಜೋಡಿಸಿಕೊಂಡರೆ ಗಾಬರಿ ಇರುವುದಿಲ್ಲ.

ಋತುವಿಗೆ ಮುನ್ನ: ಛಾವಣಿಯ ಶೀಟುಗಳ ಬೋಲ್ಟ್‌ಗಳನ್ನು ಬಿಗಿಮಾಡಿ, ಮನೆಯ ಮೇಲೆ ಬಾಗಿದ ಕೊಂಬೆಗಳನ್ನು ಕಡಿಸಿ. ಗಾಳಿಯ ಒತ್ತಡ ವೇಗದ ವರ್ಗಕ್ಕೆ ಅನುಪಾತದಲ್ಲಿರುತ್ತದೆ. ಗಂಟೆಗೆ 60 ಕಿ.ಮೀ. ಗಾಳಿ ಒಂದು ಚದರ ಮೀಟರಿನ ಮೇಲೆ ಸುಮಾರು 17 ಕಿ.ಗ್ರಾಂ. ತೂಕದಷ್ಟು ಬಲ ಹಾಕಿದರೆ 120 ಕಿ.ಮೀ. ಗಾಳಿ ಹಾಕುವುದು 68 ಕಿ.ಗ್ರಾಂ. ಮೂರು ಚದರ ಮೀಟರಿನ ಶೀಟಿನ ಮೇಲೆ ಅದು 200 ಕಿ.ಗ್ರಾಂ. ಆಗುತ್ತದೆ. ದನಗಳಿಗೆ ಗಳಲೆ ರೋಗ, ಚಪ್ಪೆ ರೋಗ, ಕಾಲುಬಾಯಿ ಜ್ವರದ ಲಸಿಕೆಗಳನ್ನು, ನಾಯಿ ಬೆಕ್ಕುಗಳಿಗೆ ಹುಚ್ಚುನಾಯಿ ರೋಗದ ಲಸಿಕೆಯನ್ನು ಮೊದಲೇ ಹಾಕಿಸಿ. ದನಗಳನ್ನು ಎಲ್ಲಿಗೆ ಹೊಡೆಯಬೇಕು, ಯಾರ ಹಟ್ಟಿಯಲ್ಲಿ ಜಾಗವಿದೆ ಎಂಬುದನ್ನು ಈಗಲೇ ಕೇಳಿಟ್ಟುಕೊಳ್ಳಿ. ಇದೇ ಎಲ್ಲಕ್ಕಿಂತ ಮುಖ್ಯವಾದ ಸಿದ್ಧತೆ.

72 ಗಂಟೆ ಮುನ್ನ (ಪೂರ್ವಸೂಚನೆ): ಸುದ್ದಿಯನ್ನು ಹವಾಮಾನ ಇಲಾಖೆ ಮತ್ತು ಜಿಲ್ಲಾಡಳಿತದಿಂದ ಮಾತ್ರ ತಿಳಿಯಿರಿ. ಮೀನುಗಾರಿಕೆಗೆ ಹೋದವರನ್ನು ಹಿಂದಕ್ಕೆ ಕರೆಸಿಕೊಳ್ಳಿ. ಟಾರ್ಚ್, ಮೊಬೈಲ್, ಪವರ್ ಬ್ಯಾಂಕ್‌ಗಳನ್ನು ಚಾರ್ಜ್ ಮಾಡಿ.

48 ಗಂಟೆ ಮುನ್ನ (ಹಳದಿ): ಪಡಿತರ ಚೀಟಿ, ಆಧಾರ್, ಶಾಲೆಯ ಅಂಕಪಟ್ಟಿ, ಜಮೀನಿನ ಪತ್ರ, ನಾಯಿಯ ಲಸಿಕೆಯ ಚೀಟಿ, ಇವನ್ನು ಒಂದೇ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಿ. ಹಿರಿಯರ ಔಷಧಿ ಒಂದು ವಾರಕ್ಕಾಗುವಷ್ಟಿರಲಿ. ಅವಲಕ್ಕಿ, ಬೆಲ್ಲ, ಹುರಿಗಡಲೆಯಂಥ ಬೇಯಿಸಬೇಕಾಗಿಲ್ಲದ ಆಹಾರವಿರಲಿ. ಕುಡಿಯುವ ನೀರು ಒಬ್ಬರಿಗೆ ದಿನಕ್ಕೆ 3-4 ಲೀಟರ್, 10 ಕಿ.ಗ್ರಾಂ. ತೂಕದ ನಾಯಿಗೆ ಅರ್ಧ ಲೀಟರ್. ಹಾಲು ಕರೆಯುವ ಹಸುವಿಗೆ 40ರಿಂದ 60 ಲೀಟರ್ ಬೇಕು. ಆದ್ದರಿಂದ ಡ್ರಮ್‌ಗಳನ್ನು ತುಂಬಿಸಿ ಮುಚ್ಚಿಡಿ. ಒಣಹುಲ್ಲನ್ನು ಅಟ್ಟಕ್ಕೇರಿಸಿ.

24 ಗಂಟೆ ಮುನ್ನ (ಕಿತ್ತಳೆ): ಹೊರಡಿ ಎಂದರೆ ಹಗಲಿನಲ್ಲಿಯೇ ಹೊರಡಿ. ದನಗಳನ್ನು ಎತ್ತರದ ಜಾಗಕ್ಕೆ ಮೊದಲು ಸಾಗಿಸಿ. ಸಾಗಿಸಲಾಗದಿದ್ದರೆ ಹಗ್ಗ ಬಿಚ್ಚಿಬಿಡಿ. ಕಟ್ಟಿದ ದನಕ್ಕೆ ಈಜು ಬಂದರೂ ಪ್ರಯೋಜನವಿಲ್ಲ. ಶೀಟಿನ ಛಾವಣಿಯ ಕೆಳಗಾಗಲಿ ಒಂಟಿಮರದ ಕೆಳಗಾಗಲಿ ಅವನ್ನು ಕಟ್ಟಬೇಡಿ. ನಾಯಿಯ ಕುತ್ತಿಗೆಪಟ್ಟಿಯ ಮೇಲೆ ನಿಮ್ಮ ಫೋನ್ ಸಂಖ್ಯೆ ಬರೆಯಿರಿ. ಬೆಕ್ಕನ್ನು ಬುಟ್ಟಿಯಲ್ಲಿಯೋ ರಂಧ್ರಗಳಿರುವ ಪೆಟ್ಟಿಗೆಯಲ್ಲಿಯೋ ಒಯ್ಯಿರಿ. ಕೋಳಿಗಳಿಗೂ ಅದೇ ಕ್ರಮ. ಗ್ಯಾಸ್, ವಿದ್ಯುತ್ ಮುಖ್ಯ ಸ್ವಿಚ್ ಆರಿಸಿ.

12 ಗಂಟೆ ಮುನ್ನ (ಕೆಂಪು) ಮತ್ತು ಬಳಿಕ: ಗಾಳಿ ಇದ್ದಕ್ಕಿದ್ದಂತೆ ನಿಂತರೆ ಚಂಡಮಾರುತ ಮುಗಿಯಿತೆಂದು ತಿಳಿಯಬಾರದು. ಅದು ಸುಳಿಯ 'ಕಣ್ಣು' ಇರಬಹುದು. ಸ್ವಲ್ಪ ಹೊತ್ತಿನಲ್ಲಿ ಗಾಳಿ ವಿರುದ್ಧ ದಿಕ್ಕಿನಿಂದ ಬೀಸುತ್ತದೆ. ಅಧಿಕೃತ ಸೂಚನೆ ಬರುವವರೆಗೆ ಹೊರಬರಬೇಡಿ. ಬಳಿಕ ತುಂಡಾದ ವಿದ್ಯುತ್ ತಂತಿಗಳಿಂದ ದೂರವಿರಿ, ದನಗಳನ್ನೂ ದೂರವಿಡಿ. ನೀರನ್ನು ಕುದಿಸಿ ಕುಡಿಯಿರಿ. ಇಲಿಜ್ವರದ ಅಪಾಯವಿರುವುದರಿಂದ ಗಾಯವಿರುವ ಕಾಲಿನಲ್ಲಿ ನಿಂತ ನೀರಿಗಿಳಿಯಬೇಡಿ. ಸತ್ತ ಪ್ರಾಣಿಗಳ ವಿಷಯವನ್ನು ಪಂಚಾಯ್ತಿಗೆ ತಕ್ಷಣ ತಿಳಿಸಿ. ಜಿಲ್ಲಾ ವಿಪತ್ತು ಸಹಾಯವಾಣಿ 1077, ಪಶುವೈದ್ಯ ಸಹಾಯವಾಣಿ 1962, ತುರ್ತು ಸೇವೆ 112. ಈ ಮೂರು ಸಂಖ್ಯೆಗಳನ್ನು ಗೋಡೆಯ ಮೇಲೆ ಬರೆದಿಡಿ.

ತರಗತಿಯಲ್ಲಿ ಏನು ಮಾಡಬಹುದು?

ಇದೆಲ್ಲ ಕರಾವಳಿಯವರಿಗೆ ಎಂದು ಬೆಂಗಳೂರಿನವರು ಸುಮ್ಮನಿರಬಾರದು. 2024ರ ನವೆಂಬರ್ 30ರಂದು ಪುದುಚೇರಿಯ ಬಳಿ ದಡ ಮುಟ್ಟಿದ 'ಫೆಂಗಲ್' ನಮ್ಮಲ್ಲಿಯೂ ಮಳೆ ಸುರಿಸಿತು. ಸಮುದ್ರದ ಉಬ್ಬರ ನಮ್ಮನ್ನು ಮುಟ್ಟದು. ಆದರೆ ರಾಜಕಾಲುವೆ ಉಕ್ಕುತ್ತದೆ, ಮರಗಳು ಉರುಳುತ್ತವೆ, ಪೀಣ್ಯದ ಷೆಡ್ಡುಗಳ ಶೀಟು ಹಾರುತ್ತದೆ. ತಗ್ಗಿನ ಮನೆಗಳಲ್ಲಿ ಮೊದಲು ನೀರು ಹೊಗುವುದು ನೆಲದ ಮೇಲೆ ಮಲಗುವ ಕುಟುಂಬಗಳಿಗೆ. ಮಳೆನೀರಿನಲ್ಲಿ ಮೊದಲು ಮುಳುಗುವುದು ಸರಪಳಿಯಲ್ಲಿ ಕಟ್ಟಿದ ನಾಯಿ.

ಶಿಕ್ಷಕರು ಎರಡು ಚಟುವಟಿಕೆಗಳನ್ನು ಮಾಡಿಸಬಹುದು. ಮೊದಲನೆಯದು: ಅನೇಕ ಮೊಬೈಲ್‌ಗಳಲ್ಲಿ ವಾಯುಭಾರ ಅಳೆಯುವ ಸಂವೇದಕವಿದೆ. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತ ಉಂಟಾದ ಸುದ್ದಿ ಬಂದ ದಿನದಿಂದ ಮೂರು ಗಂಟೆಗೊಮ್ಮೆ ಅಳತೆ ಬರೆದು ನಕ್ಷೆ ಎಳೆಸಿ. ನಮ್ಮ ಎತ್ತರದಲ್ಲಿ ಅದು ಸುಮಾರು 910 ಹೆಕ್ಟೊಪ್ಯಾಸ್ಕಲ್‌ನ ಆಸುಪಾಸಿನಲ್ಲಿರುತ್ತದೆ. ಒಡಿಶಾದ ಮಹಾ ಚಂಡಮಾರುತದ ಕೇಂದ್ರದಲ್ಲಿ, ಸಮುದ್ರಮಟ್ಟದಲ್ಲಿಯೇ, ಇದ್ದ ವಾಯುಭಾರವೂ ಇಷ್ಟೇ ಎಂದು ತೋರಿಸಿಕೊಡಿ. ದಿನಕ್ಕೆರಡು ಬಾರಿ ವಾಯುಭಾರ ತಾನಾಗಿ ಏರಿಳಿಯುವುದನ್ನು ವಿದ್ಯಾರ್ಥಿಗಳು ಗುರುತಿಸಲಿ. ಅದನ್ನು ಕಳೆದು ಉಳಿದದ್ದನ್ನು ನೋಡಲು ಕಲಿಯಲಿ.

ಎರಡನೆಯದಕ್ಕೆ ಯಾವ ಉಪಕರಣವೂ ಬೇಡ. ಪ್ರತಿ ವಿದ್ಯಾರ್ಥಿಯೂ ಮನೆಗೆ ಹೋಗಿ ಕೇಳಲಿ: "ಈ ರಾತ್ರಿಯೇ ಹೊರಡಬೇಕೆಂದರೆ ನಾವು ಎಲ್ಲಿಗೆ ಹೋಗುತ್ತೇವೆ? ಅಜ್ಜಿಯನ್ನು ಯಾರು ಕರೆದೊಯ್ಯುತ್ತಾರೆ? ಹಸುವನ್ನು, ನಾಯಿಯನ್ನು ಯಾರು?" ಉತ್ತರವನ್ನು ಒಂದು ಹಾಳೆಯಲ್ಲಿ ಬರೆದು ತರಲಿ. ನಾನು ಪ್ರತಿವರ್ಷ ಹೀಗೆ ಮಾಡಿಸುತ್ತೇನೆ. ಮೊದಲ ಸಲ ತಂದ ಹಾಳೆಗಳಲ್ಲಿ ಅರ್ಧಕ್ಕೂ ಹೆಚ್ಚು ಖಾಲಿ ಇದ್ದವು. ಖಾಲಿ ಹಾಳೆ ತಂದವರನ್ನು ಬೈಯಬೇಡಿ. ಅದನ್ನು ಮತ್ತೆ ಮನೆಗೆ ಕಳುಹಿಸಿ.